ಮಾಮಾನ ಕಿವಿ, ಬೇಕರ್ಸ್‌ಫೀಲ್ಡಿನ ಸ್ಟೀಲು

ಈ ಭೂಮಿಯ ಮೇಲೆ ನಿಜವಾದ ಕಿವಿ ಇದ್ದವರು ಇಬ್ಬರೇ ಇಬ್ಬರು. ಒಬ್ಬ ಬೇಕರ್ಸ್‌ಫೀಲ್ಡಿನ ಶೆರೆ ಅಂಗಡಿಯೊಂದರಲ್ಲಿ ಸ್ಟೀಲ್ ಗಿಟಾರು ನುಡಿಸುತ್ತಿದ್ದ, ತೀರಿಕೊಂಡ. ಇನ್ನೊಬ್ಬರು ನನ್ನ ಸೋದರಮಾವ. ಹಾಗಂತ ಹೇಳಿದವರು ಯಾರು ಎನ್ನುತ್ತೀರಾ? ನನ್ನ ಸೋದರಮಾವನೇ! ಉಳಿದವರೆಲ್ಲ, ಅಂದರೆ ನಾನು, ಮಾಮಿ, ನಾವಿರುವ ಇಡೀ ಗಿಲ್‌ರಾಯ್ ಊರು, ಕನ್ನಡಕ ಸಿಕ್ಕಿಸುವುದಕ್ಕೆಂದು ಕಿವಿ ಇಟ್ಟುಕೊಂಡವರು.

ನನ್ನ ಗ್ರಹಚಾರ ನೋಡಿ. ಮಾಮಾನ ಮನೆಯೂ ನನ್ನ ಮನೆಯೂ ಒಂದೇ ಬೀದಿಯಲ್ಲಿ. ಇಬ್ಬರ ಆಫೀಸೂ ರೆಡ್‌ವುಡ್ ಸಿಟಿಯಲ್ಲಿ. ವಾರಕ್ಕೆ ಮೂರು ದಿನ ಮಾಮಾನ ಕಾರು, ಮಾಮಾನ ಕಂಟ್ರಿ ಹಾಡು. ಹೋಗಲು ಒಂದೂವರೆ ಗಂಟೆ, ಬರಲು ಫ್ರೀವೇ ದಯೆ ತೋರಿದಷ್ಟು. ಇಳಿದು ಓಡಿಹೋಗೋಣವೆಂದರೆ ನಾವಿರುವುದು ಕಾರಿನಲ್ಲಿ ಇಬ್ಬರಿದ್ದರೆ ಮಾತ್ರ ಬಿಡುವ ಕಾರ್‌ಪೂಲ್ ಲೇನಿನಲ್ಲಿ! ದೇವರೇ, ನನ್ನನ್ನು ಕಿವುಡಿ ಮಾಡಪ್ಪಾ ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ ಲೆಕ್ಕವಿಲ್ಲ.

ಬರೀ ಹಾಡಾದರೆ ಹೇಗೋ ಸಹಿಸಬಹುದಿತ್ತು. ಪರೀಕ್ಷೆಯೂ ಇರುತ್ತಿತ್ತು.

"ಏನವ್ವಾ, ಈ ಸಂಗೀತ ಎಲ್ಲಿ ಹುಟ್ಟಿತು? ಹೇಳು ನೋಡೂಣು."

"ಬೇಕರ್ಸ್‌ಫೀಲ್ಡಿನ್ಯಾಗ್ರಿ ಮಾಮಾ."

"ಅಲ್ಲೆ ಎಲ್ಲಿ?"

"ಚರ್ಚಿನ್ಯಾಗ?"

"ಶೆರೆ ಅಂಗಡ್ಯಾಗ!" ಎಂದು ಸ್ಟೀರಿಂಗು ಗುದ್ದುತ್ತಿದ್ದರು. ಚಹಾ ಎರಡನೇ ಕಪ್ಪಾದರೆ ಪಶ್ಚಾತ್ತಾಪ ಪಡುವ ಮನುಷ್ಯ! "ಊರಾಗ ಧೂಳೆದ್ದು ಬದುಕು ಹಾಳಾಗಿ ಇಲ್ಲಿಗೆ ಗುಳೇ ಬಂದ ಮಂದಿ ಅವ್ರು. ಹಗಲೆಲ್ಲಾ ಹತ್ತಿ ಬಿಡಸೋರು, ಎಣ್ಣಿ ಬಾವ್ಯಾಗ ದುಡಿಯೋರು. ಸಂಜಿಮುಂದ ಕುಡುದು ಕುಣಿಯೋ ಗದ್ದಲದಾಗ ಹಾಡು ಕೇಳಸಬೇಕಂದ್ರ ಗಿಟಾರು ಚೂಪ್ ಇರಬೇಕವ್ವಾ, ಕಿವ್ಯಾಗ ಚುಚ್ಚಬೇಕು. ಆ ನ್ಯಾಶ್‌ವಿಲ್ ಊರಿನ ಹಾಡುಗಾರರಂಗ ಪಿಟೀಲು ಹಾಕಿ ಸಕ್ಕರಿ ಪಾಕ ಸುರುವಿದ್ರ ಯಾರಿಗೆ ಕೇಳತೈತಿ? ನಾವೂ ಗುಳೇ ಬಂದವ್ರಽ. ಇದು ನಮ್ಮ ಹಾಡು."

"ನೀವು ವಿಮಾನದಾಗ ಬಂದೀರಿ ಮಾಮಾ."

"ವಿಮಾನದಾಗ ಗುಳೇ ಬಂದೇನಿ!"



ಲಾಸ್ ಗ್ಯಾಟೋಸಿನಲ್ಲಿ ಒಂದು ಗೃಹಪ್ರವೇಶ. ಮನೆಯವರು ಪಾಪ, ತಿಳಿಯದೆ ಮಾಮಾನಿಗೆ ಒಂದು ದೇವರನಾಮ ಹೇಳಿ ಎಂದರು. ಮಾಮಾ ಸತ್ಯನಾರಾಯಣನ ಎದುರು ಕೂತು, ಹೆಂಡತಿ ಬಿಟ್ಟುಹೋದ ಲಾರಿ ಡ್ರೈವರನ ದುಃಖವನ್ನು ಮೂಗಿನಿಂದ ಐದು ನಿಮಿಷ ಹಾಡಿದರು. ಪುರೋಹಿತರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಎಲ್ಲರೂ ಮಾಮಿಯ ಮುಖ ನೋಡಿದಾಗ ಮಾಮಿ ತಣ್ಣಗೆ, "ನಾನೂ ಬಿಟ್ಟು ಹೋಗ್ತಿದ್ದೆ. ಕಾರಿನ ಕೀಲಿ ಅವರ ಕಿಸೆದಾಗ ಐತಿ" ಎಂದರು.

ಆಮೇಲೆ ಸ್ಟೀಲ್ ಗಿಟಾರೇ ಮಾಮಾನ ಮನೆಗೆ ಬಂತು. ಮೇಜಿನಂಥ ವಾದ್ಯ, ಕೆಳಗೆ ಪೆಡಲು, ಮೇಲೆ ತಂತಿ, ಕೈಯಲ್ಲಿ ಜಾರಿಸಲು ಒಂದು ಉಕ್ಕಿನ ಸರಳು. ಮಾಮಾ ಜಾರಿಸಿದರೆಂದರೆ ಪಕ್ಕದ ಮನೆಯ ನಾಯಿ ಆಕಾಶ ನೋಡಿ ಊಳಿಡುತ್ತಿತ್ತು. ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡು, "ಅಮ್ಮಾ, ಪ್ಲೀಸ್ ಮೇಕ್ ಹಿಮ್ ಸ್ಟಾಪ್!" ಎಂದು ಅಳುತ್ತಿದ್ದಳು. ಅಷ್ಟಾದರೂ ಮಾಮಾನಿಗೆ ಸಾಲದು. ಕಾರಿನಲ್ಲಿ ಮೇಲಿನ ಸ್ವರಗಳನ್ನು ಚೂಪು ಮಾಡುವ ಟ್ರೆಬಲ್ಲು ತಿಂಗಳಿಂದ ತಿಂಗಳಿಗೆ ಏರುತ್ತ ಹೋಗಿ ಕೊನೆಯ ಗೆರೆ ಮುಟ್ಟಿತು. ನಾನು ಇಳಿಸಲು ಕೈ ಚಾಚಿದರೆ ಪಟ್ಟನೆ ಒಂದು ಏಟು.

ಕಳೆದ ಚಳಿಗಾಲದಲ್ಲಿ ಹೊಸ ಹುಚ್ಚು ಹತ್ತಿತು. "ಕಳ್ಳರು! ಹಾಡಿನ್ಯಾಗಿನ ಸ್ಟೀಲ್ ತಗದಾರ! ಇದು ನ್ಯಾಶ್‌ವಿಲ್ಲಿನವ್ರ ಕೆಲಸ!" ಹಾಡು ಕೇಳಿಸುವ ಕಂಪನಿಗೆ ನಾಲ್ಕು ಪುಟದ ದೂರು ಬರೆದರು. ಹಳೆಯ ರೆಕಾರ್ಡು ಹಾಕಿದರು, ಅದು ಸವೆದಿದೆ ಎಂದರು. ಸ್ಪೀಕರು ಬದಲಿಸಿದರು. ನಾನು ಮಾಮಿಯ ಹತ್ತಿರ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಒಂದು ದಿನ ಫ್ರೀವೇಯಲ್ಲಿ ನನಗೆ ತಲೆ ಸಿಡಿಯುತ್ತಿತ್ತು. ಏಟು ಬಿದ್ದರೆ ಬೀಳಲಿ ಎಂದು ಟ್ರೆಬಲ್ಲನ್ನು ಪೂರ್ತಿ ಇಳಿಸಿಬಿಟ್ಟೆ. ಏಟು ಬೀಳಲಿಲ್ಲ. ಮಾಮಾ ಮೊದಲಿನಂತೆಯೇ ತಲೆದೂಗುತ್ತಿದ್ದರು. ಮತ್ತೆ ಪೂರ್ತಿ ಏರಿಸಿದೆ. ಸ್ಟೀಲು ಕಿರುಚಿತು, ನನ್ನ ಹಲ್ಲು ಜುಮ್ಮೆಂದಿತು.

"ಕೇಳಿದ್ಯಾ? ಇಲ್ಲೆ ಸ್ಟೀಲ್ ಇರಬೇಕಾಗಿತ್ತು" ಎಂದರು ಮಾಮಾ.

"ಬರಾಕ್ಹತ್ತೈತ್ರಿ ಮಾಮಾ" ಎಂದೆ. "ಈಗ. ಜೋರಾಗಿ."

ಮಾಮಾ ಕೈ ಚಾಚಿ ಟ್ರೆಬಲ್ಲನ್ನು ತಾವೇ ಪೂರ್ತಿ ಇಳಿಸಿದರು, ಪೂರ್ತಿ ಏರಿಸಿದರು. ಸ್ಯಾನ್ ಹೋಸೆ ದಾಟಿತು, ಮೌಂಟನ್ ವ್ಯೂ ದಾಟಿತು, ಇಳಿಸುತ್ತಲೇ ಏರಿಸುತ್ತಲೇ ಇದ್ದರು.

ಕಿವಿ ಸೋಲುವಾಗ ಮೇಲಿನ ಸ್ವರಗಳೇ ಮೊದಲು ಹೋಗುತ್ತವಂತೆ, ಹೋದದ್ದು ವಾಪಸು ಬರುವುದಿಲ್ಲವಂತೆ. ಡಾಕ್ಟರು ಹಾಗೆಂದರು. ಕಿವಿಗೆ ಹಾಕುವ ಮಶಿನ್ನು ಕೊಟ್ಟರು. ಅದರಿಂದ ಮಾತು ಕೇಳಿಸುತ್ತದೆ. ಹಾಡು ಹಾಕಿದರೆ ಡಬ್ಬಿ ಬಡಿದಂತಿರುತ್ತದಂತೆ. ಮಾಮಾ ಸ್ಟೀಲ್ ಗಿಟಾರಿಗೆ ಹಳೆಯ ಚಾದರ ಹೊದಿಸಿದರು. ಕಾರಿನಲ್ಲಿ ಹಾಡು ನಿಂತಿತು. ಮೂರು ವಾರ. ನಾನು ವರ್ಷಗಟ್ಟಲೆ ಬೇಡಿಕೊಂಡಿದ್ದ ಮೌನ! ಆದರೆ ಒಂದೂವರೆ ಗಂಟೆ ಆ ಮುಖ ನೋಡುತ್ತ ಕೂರುವುದಿದೆಯಲ್ಲ, ಅದು ಬೇಡವೇ ಬೇಡ. ಕಿವುಡಿ ಮಾಡು ಎಂದು ಬೇಡಿದವಳು ನಾನಲ್ಲವೇ? ದೇವರು ಸೀಟು ತಪ್ಪಿ ಕೊಟ್ಟುಬಿಟ್ಟನೇ ಎನಿಸಿತು.

ನಾಲ್ಕನೇ ವಾರ ನಾನೇ ಹಾಡು ಹಾಕಿದೆ.

"ಬ್ಯಾಡವ್ವಾ."

"ಇರ್ಲಿ ಬಿಡ್ರಿ."

ಸ್ಟೀಲು ಬರುತ್ತಿದ್ದಂತೆ ಅವರ ಮೊಣಕೈ ಮುಟ್ಟಿದೆ.

"ಬಂತೇನು?"

"ಬಂತ್ರಿ."

"ಹೆಂಗ ಬಂತು?"

ಹೇಗೆ ಹೇಳಲಿ? ನಾಚಿಕೆ ಬಿಟ್ಟು, ದನಿ ತಗ್ಗಿಸಿ, ಅವರಿಗೆ ಕೇಳಿಸುವಷ್ಟು ಕೆಳಗಿನ ಸ್ವರದಲ್ಲಿ, ಮೂಗಿನಿಂದ ಹಾಡಿದೆ. ಎಳೆದು, ಜಾರಿಸಿ, ಮತ್ತೆ ಎಳೆದು. ಒಂದು ಕಾಲಕ್ಕೆ ನನಗೆ ಪ್ರಾಣಸಂಕಟವಾಗಿದ್ದ ಆ ತುಣುಕು ಒಂದು ಸ್ವರವೂ ಬಿಡದೆ ನನ್ನೊಳಗೆ ಕೂತಿತ್ತು.

"ಕಡೀಕ ಇನ್ನೊಂಚೂರು ಜಾರತೈತಿ ಅದು" ಎಂದರು. "ಮತ್ತೊಮ್ಮೆ ಅನ್ನು."

ಮತ್ತೊಮ್ಮೆ ಅಂದೆ. ಮತ್ತೂ ಒಮ್ಮೆ. ರೆಡ್‌ವುಡ್ ಸಿಟಿಯ ತನಕ ಅಂದೆ. ಆಫೀಸಿನ ಮುಂದೆ ಕಾರು ನಿಲ್ಲಿಸಿ ಮಾಮಾ ಕನ್ನಡಕ ತೆಗೆದು ಒರೆಸಿಕೊಂಡರು.

"ಕಿವಿ ಐತವ್ವಾ ನಿನಗ" ಎಂದರು.

ಬಾಗಿಲು ತೆಗೆದು ಇಳಿಯಬೇಕಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.