ಕೆಂಪು ಕಾರಿಗೆ ಜೋರು ತುಂಬಿಸಿದ್ದು

ಮಾತು ಕಡಿಮೆ ಇರುವವನು ಸದ್ದು ಹೆಚ್ಚು ಮಾಡುವ ಗಾಡಿ ಇಟ್ಟುಕೊಂಡರೆ, ಅವನ ಪಾಲಿನ ಮಾತನ್ನೂ ಊರಿನವರೇ ಆಡಿ ಮುಗಿಸುತ್ತಾರೆ. ನನ್ನ ವಿಷಯದಲ್ಲಿ ಇದು ಆಗಾಗ ನಡೆಯುತ್ತಲೇ ಇರುತ್ತದೆ.

ನಾನಿರುವುದು ಬೆಳಗಾವಿಯ ಶಹಾಪುರದಲ್ಲಿ. ಒಂದು ಸಣ್ಣ ಲೇತ್ ವರ್ಕ್‌ಶಾಪು, ಒಂದು ಕಪಾಟು ಪುಸ್ತಕ, ಎರಡು ಸೀಟಿನ ಒಂದು ಕೆಂಪು ಸ್ಪೋರ್ಟ್ಸ್ ಕಾರು, ಇಷ್ಟು ನನ್ನ ಆಸ್ತಿ. ಕಾರನ್ನು ಗೋವಾದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದೆ. ಬಹಳ ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅದಕ್ಕಿಂತ ಜೋರಿನ ನೀಲಿ ಕಾರೊಂದನ್ನು ಕೊಂಡ. ಅಂದಿನಿಂದ ನನ್ನ ಕಾರು ಸಾವಕಾಶ ಓಡತೊಡಗಿತು. ಎಂಜಿನ್ನಿನಲ್ಲಿ ಏನೂ ದೋಷವಿರಲಿಲ್ಲ.

"ನೀವು ಬಾಯಿ ಬಿಟ್ಟು ಹೇಳಂಗಿಲ್ಲ, ಖರೇ," ಎಂದಳು ಹೆಂಡತಿ. "ಆದ್ರ ಊಟಕ್ಕ ಕುಂತಾಗ ಒಂದು ಕೈಯಾಗ ರೊಟ್ಟಿ, ಇನ್ನೊಂದು ಕೈಯಾಗ ಮೊಬೈಲ್. ಅದರಾಗ ಬ್ಯಾರೆ ಕಾರಿನ ಫೋಟೋ. ದೀಪಾವಳಿ ತನಕ ಟೈಮ್ ಕೊಡ್ತೀನಿ. ಇದನ್ನ ಸುಧಾರಿಸ್ತೀರೋ, ಇದಕ್ಕಿಂತ ಜೋರಿಂದು ತರ್ತೀರೋ, ಒಂದು ಹೇಳ್ರಿ. ಇಲ್ಲಾಂದ್ರ ಎರಡೂ ಇಲ್ಲ. ಕೆಂಪು ಕಾರ್ ಮಾರಿ ಏಳು ಮಂದಿ ಕುಂದ್ರೂ ಗಾಡಿ ತಗೊಳ್ಳೂದು."

ಏಳು ಮಂದಿಯ ಗಾಡಿ ಎಂದರೆ ಅದರಲ್ಲಿ ಏಳೂ ಮಂದಿ ಮಾತಾಡುತ್ತಾರೆ. ಕೆಂಪು ಕಾರನ್ನು ಉಳಿಸಿಕೊಳ್ಳಲೇಬೇಕಿತ್ತು.

ಸಪ್ಪಳ ಬಂತು

ನಮ್ಮ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದರೆಂದೇ ಕರೆಯುತ್ತಾರೆ. ಕಾರಿನ ಸುತ್ತ ಒಂದು ಸುತ್ತು ಹಾಕಿ, "ಹೊಸಾದು ಯಾಕ ಬೇಕ್ರಿ ಸಾಹೇಬ್ರ? ಇದರಾಗ ಹುಲಿ ಮಲಗೇತಿ. ಎಬ್ಬಸೂಣು," ಎಂದರು. ನಾನು ಸುಮ್ಮನಿದ್ದೆ. ಉಸ್ತಾದರು ಅದನ್ನು ಒಪ್ಪಿಗೆ ಎಂದು ತಿಳಿದರು. ಮೊದಲ ಕಂತಿನಲ್ಲಿ ಸೈಲೆನ್ಸರ್ ಬದಲಾಯಿತು.

ಹುಲಿ ಎದ್ದದ್ದೇನೋ ನಿಜ. ಆದರೆ ನಮ್ಮ ಓಣಿಯ ಎರಡೂ ಬದಿಗೆ ಪವರ್‌ಲೂಮುಗಳಿವೆ. ಖಟಖಟ ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುವುದಿಲ್ಲ. ನಾನು ಹೆಮ್ಮೆಯಿಂದ ಎಂಜಿನ್ ಚಾಲೂ ಮಾಡಿ ಕುಳಿತೆ. ಒಬ್ಬರೂ ತಿರುಗಿ ನೋಡಲಿಲ್ಲ. ಕೊನೆಗೆ ಎದುರುಮನೆಯ ಮಗ್ಗದ ಮಾಲೀಕರು ಕಿಟಕಿಯ ಹತ್ತಿರ ಬಂದು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: "ಗಾಡಿ ಬಂದ್ ಬಿದ್ದೈತೇನ್ರಿ? ದೂಡಲೇನು?"

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಓಣಿ ತಣ್ಣಗಾಯಿತು. ಮಗ್ಗದವರೆಲ್ಲ ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತಿದ್ದರು. ನಾನು ವರ್ಕ್‌ಶಾಪಿಗೆ ಹೊರಟು ಕಾರು ಚಾಲೂ ಮಾಡಿದೆ.

"ಬಂತು! ಬಂತ್ರ್ಯೋ!" ಎಂದು ಯಾರೋ ಕೂಗಿದರು. ಚಹಾದ ಬಸಿಗಳನ್ನು ಅಲ್ಲಲ್ಲೇ ಕುಕ್ಕಿ ಎಲ್ಲರೂ ಮಗ್ಗಗಳ ಕಡೆಗೆ ಓಡಿದರು. ಕಟ್ಟೆ ಖಾಲಿಯಾಯಿತು. ಇದೇಕೆ ಹೀಗೆ ಓಡಿದರು ಎಂದು ತಿಳಿಯದೆ ನಾನು ನನ್ನ ದಾರಿ ಹಿಡಿದೆ.

ಸಂಜೆ ಎದುರುಮನೆಯವರು ಮುಖ ಕಿವುಚಿಕೊಂಡು ಹೇಳಿದರು: "ನಿಮ್ಮ ಗಾಡಿ ಸಪ್ಪಳಾನ ಮಗ್ಗದ್ದು ಅಂದಕೊಂಡು, ಕರೆಂಟ್ ಬಂತಂತ ಎಲ್ಲಾರೂ ಸ್ವಿಚ್ ಒತ್ತಿದ್ದೇ ಒತ್ತಿದ್ದು. ನಮ್ಮ ತಮ್ಮ ಅಂತೂ ವೈರ್‌ಮನ್‌ಗೆ ಫೋನ್ ಹಚ್ಚಿ ಜಗಳಾನ ತಗದ. ಏನ್ರಿ ನಿಮ್ಮ ಕಾರಭಾರ, ಸಪ್ಪಳ ಕಳಿಸೀರಿ, ಕರೆಂಟ್ ಯಾಕ ಕಳಿಸಿಲ್ಲ ಅಂತ!"

ಎತ್ತಿದಲ್ಲೇ ಇಟ್ಟರು

"ಸಪ್ಪಳ ಆತ್ರಿ. ಇನ್ನ ಗಾಡಿ ನೆಲಾ ಹಿಡದು ಓಡಬೇಕು," ಎಂದು ಉಸ್ತಾದರು ಸ್ಪ್ರಿಂಗುಗಳನ್ನು ತೆಗೆದು ಗಿಡ್ಡನೆಯವನ್ನು ಹಾಕಿದರು. ಕಾರು ಎಷ್ಟು ಕೆಳಗಿಳಿಯಿತೆಂದರೆ ನಮ್ಮ ಮನೆಯ ಬೆಕ್ಕು ಅದರ ಅಡಿಯಲ್ಲಿ ಮಲಗುವುದನ್ನು ಬಿಟ್ಟಿತು.

ದಸರೆಯ ಸಂತೆಗೆಂದು ನಾನೂ ಹೆಂಡತಿಯೂ ರವಿವಾರ ಪೇಟೆಯ ಬಜಾರಿಗೆ ಹೋದೆವು. ಅಲ್ಲಿ ರಸ್ತೆಯಲ್ಲೊಂದು ಉಬ್ಬು. ಮುಂದಿನ ಗಾಲಿಗಳು ದಾಟಿದವು. ಆಮೇಲೆ ಕಾರು ಉಬ್ಬಿನ ಮೇಲೆ ಹೊಟ್ಟೆಯಿಟ್ಟು ಕುಳಿತುಬಿಟ್ಟಿತು. ಹಿಂದಿನ ಗಾಲಿಗಳು ಗಿರ್ರೆಂದು ಸುಮ್ಮನೆ ತಿರುಗುತ್ತಿದ್ದವು. ಹಿಂದೆ ಟೆಂಪೊ, ಅದರ ಹಿಂದೆ ಕೈಗಾಡಿ, ಅದರ ಹಿಂದೆ ಇಡೀ ಬೆಳಗಾವಿ.

ಒಂದು ಅಂಗಡಿಯ ಮುಂದೆ ಹಮಾಲರು ಬೆಲ್ಲದ ಪೆಂಟಿ ಇಳಿಸುತ್ತಿದ್ದರು. ಬಂದು ನೋಡಿದರು. ತಲೆಯ ವಸ್ತ್ರವನ್ನು ಸೊಂಟಕ್ಕೆ ಬಿಗಿದರು. "ಹೋ... ಹಯ್ಯಾ!" ಎಂದು ನಮ್ಮಿಬ್ಬರ ಸಮೇತ ಕಾರನ್ನು ಎತ್ತಿಯೇಬಿಟ್ಟರು. ಎತ್ತಿದ ಮೇಲೆ ಅವರ ಕಾಲುಗಳು ರೂಢಿಯಂತೆ ಅಂಗಡಿಯ ಕಡೆಗೇ ನಡೆದವು.

ಅಂಗಡಿಯ ಮಾಲೀಕರು ನಮಗೆ ಬೆನ್ನು ಮಾಡಿ ಫೋನಿನಲ್ಲಿದ್ದರು. "ಮಾಲಕ್ರ, ಎಲ್ಲಿ ಇಳಸೂಣು?" ಎಂದರು ಹಮಾಲರು.

"ಒಳಗ ಜಾಗಾ ಇಲ್ಲ. ಹೊರಗ ಒಂದರ ಮ್ಯಾಲ ಒಂದು ಥಪ್ಪಿ ಹಚ್ಚ್ರಿ," ಎಂದರು ಅವರು. ಆಮೇಲೆ ತಿರುಗಿ ನೋಡಿದರು. ಗಾಜಿನೊಳಗಿಂದ ನನ್ನ ಹೆಂಡತಿ ಅವರಿಗೆ ನಮಸ್ಕಾರ ಮಾಡಿದಳು.

"ಏ, ಇದು ನಮ್ಮ ಮಾಲ ಅಲ್ಲೋ! ಎಲ್ಲಿಂದ ತಂದೀರಿ? ಎಲ್ಲಿತ್ತೋ ಅಲ್ಲೇ ಇಟ್ಟು ಬರ್ರಿ!"

ಹಮಾಲರು ಮಾಲೀಕರ ಮಾತು ಮೀರುವವರಲ್ಲ. ತಿರುಗಿ ಹೊತ್ತುಕೊಂಡು ಹೋಗಿ ಉಬ್ಬಿನ ಮೇಲೇ ಇಟ್ಟರು.

ಉಸ್ತಾದರ ವ್ಯಾನು

ಗಟ್ಟಿ ಸೀಟು, ಹೊಸ ಬ್ರೇಕು ಎಂದು ಕಾರು ಮತ್ತೆ ಗ್ಯಾರೇಜಿನಲ್ಲೇ ಉಳಿಯಿತು. ನನ್ನನ್ನು ಉಸ್ತಾದರು ತಮ್ಮ ಹಳೆಯ ವ್ಯಾನಿನಲ್ಲಿ ಮನೆಗೆ ಬಿಡಲು ಬಂದರು. ಗುಂಡಿ ಬಂದದ್ದು ತಿಳಿಯಲಿಲ್ಲ, ಉಬ್ಬು ಹೋದದ್ದು ತಿಳಿಯಲಿಲ್ಲ. ಸದ್ದೂ ಇಲ್ಲ. ನನ್ನಂಥವನ ಬಾಯಿಂದಲೂ ಮಾತು ಹೊರಟಿತು: "ಉಸ್ತಾದ್, ಎಷ್ಟು ಆರಾಮ ಅದರೀ ನಿಮ್ಮ ಗಾಡಿ."

"ಆಗಬೇಕಲ್ರಿ ಸಾಹೇಬ್ರ. ಸೀಟು ನಿಮ್ಮವು. ಸ್ಪ್ರಿಂಗ್ ನಿಮ್ಮವು. ಸೈಲೆನ್ಸರ್ ನಿಮ್ದು."

ಹಡಗಿನ ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂದು ಹಿಂದಿನ ಗ್ರೀಕರು ಬಹಳ ತಲೆ ಕೆಡಿಸಿಕೊಂಡಿದ್ದರಂತೆ. ಅವರಿಗೆ ಉಸ್ತಾದರ ಪರಿಚಯ ಇರಲಿಲ್ಲ.

"ಇನ್ನ ಆ ಸ್ಟೇರಿಂಗ್ ಒಂದು ಬದಲಿ ಮಾಡಸ್ರಿ ಸಾಹೇಬ್ರ," ಎಂದರು ಉಸ್ತಾದರು ಪ್ರೀತಿಯಿಂದ. "ನಮ್ಮ ವ್ಯಾನ್ ಪೂರಾ ಆಗ್ತದ."

ಜೋರಿನ ಕಾರಿನ ಪರೀಕ್ಷೆ

ಹೀಗಾದ ಮೇಲೆ ಜೋರಿನ ಕಾರನ್ನೇ ನೋಡಿಬಿಡೋಣ ಎಂದು ಶೋರೂಮಿಗೆ ಹೋದೆ. ಟೈ ಕಟ್ಟಿದ ಸೇಲ್ಸ್‌ನವನೊಬ್ಬ ಬಾಜೂಕ್ಕೆ ಕುಳಿತ. ಅದಕ್ಕೂ ಎರಡೇ ಸೀಟು. ಖಾನಾಪುರದ ರಸ್ತೆಗೆ ಬಂದೆವು.

"ಈಗ ಒತ್ರಿ ಸರ್. ಬೆನ್ನು ಸೀಟಿಗೆ ಅಂಟಬೇಕು," ಎಂದ.

ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಅಷ್ಟರಲ್ಲಿ ಮುಂದೆ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಖಾನಾಪುರದ ನಮ್ಮ ಅಜ್ಜನವರು ಕುಳಿತದ್ದು ಕಂಡಿತು. ದೂರದ ಸಂಬಂಧ. ಬಸ್ಸಿಗೆ ಕಾಯುತ್ತಿದ್ದರು, ಬದಿಯಲ್ಲಿ ಅಕ್ಕಿಯ ಚೀಲವಿತ್ತು. ನಮ್ಮ ಕಡೆ ಹಿರಿಯರು ಕಂಡರೆ ಗಾಡಿ ನಿಲ್ಲಿಸಲೇಬೇಕು. ನಿಲ್ಲಿಸದಿದ್ದರೆ ಆ ಸುದ್ದಿ ಗಾಡಿಗಿಂತ ಜೋರಾಗಿ ಮನೆ ಮುಟ್ಟುತ್ತದೆ. ಬ್ರೇಕ್ ಹಾಕಿದೆ.

"ಖಾನಾಪುರಕ್ಕೇನೋ ತಮ್ಮಾ?" ಎಂದರು ಅಜ್ಜ. ನಾನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಅವರು ಚೀಲವನ್ನು ತಂದು ಸೇಲ್ಸ್‌ನವನ ತೊಡೆಯ ಮೇಲಿಟ್ಟರು. ಆಮೇಲೆ ಒಳಗೆ ಬಗ್ಗಿ ನೋಡಿದರು. "ಹಿಂದ ಸೀಟ್ ಇಲ್ಲಲ್ಲೋ! ಹಂಗಾರ ಈ ಹುಡುಗ ಎಲ್ಲಿ ಕುಂದರ್ತಾನ?"

"ಅಜ್ಜಾರ, ಟೆಸ್ಟ್ ಡ್ರೈವ್ ಐತ್ರಿ, ನಾ ಗಾಡ್ಯಾಗ ಇರಲೇಬೇಕ್ರಿ, ರೂಲ್ ಐತಿ," ಎಂದ ಸೇಲ್ಸ್‌ನವ.

"ರೂಲ್ ಇರ್ಲಿ ತಗೋ. ನೀ ಇಳಿ. ಆ ಕಲ್ಲು ನಂದ ಐತಿ, ಬೆಚ್ಚಗದ, ಅದರ ಮ್ಯಾಲ ಕುಂದರು. ಯಾರಾರ ಕೇಳಿದ್ರ ನನ್ನ ಹೆಸರು ಹೇಳು."

ಅವನು ಟೈ ಸರಿಮಾಡಿಕೊಳ್ಳುತ್ತ ಹೋಗಿ ಕಲ್ಲಿನ ಮೇಲೆ ಕುಳಿತ. ಖಾನಾಪುರ ಮುಟ್ಟುವವರೆಗೆ ಅಜ್ಜ ಇಬ್ಬರು ಬೀಗರನ್ನೂ ಒಂದು ಚಹಾದ ಅಂಗಡಿಯನ್ನೂ ಮಾತಾಡಿಸಿದರು. ಇಳಿಯುವಾಗ ತೀರ್ಪು ಕೊಟ್ಟರು: "ಛಲೋ ಐತಿ. ಆದ್ರ ನಿನ್ನ ಕೆಂಪು ಕಾರಿಗೂ ಇದಕ್ಕೂ ಫರಕ್ ಏನೂ ಕಾಣವಲ್ದು. ಇದರಾಗೂ ಚೀಲ ತೊಡಿ ಮ್ಯಾಲನ."

ತಿರುಗಿ ಬಂದಾಗ ಕಲ್ಲು ಖಾಲಿ ಇತ್ತು. ಶೋರೂಮಿಗೆ ಹೋದರೆ ಸೇಲ್ಸ್‌ನವ ಬಸ್ಸು ಹಿಡಿದು ಬಂದು ಆಗಲೇ ಅಲ್ಲಿದ್ದ. ಮ್ಯಾನೇಜರು ನಗುತ್ತ, "ಹೆಂಗಿತ್ತು ಡ್ರೈವ್?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ಛಲೋ ಇತ್ರಿ. ಕಿಡಕಿ ಬಾಜೂದ ಸೀಟ್ ಸಿಕ್ಕಿತ್ತು."

ಕಣಕುಂಬಿಯ ದಾರಿ

ದೀಪಾವಳಿ ಬಂದೇಬಿಟ್ಟಿತು. ನಾನಿನ್ನೂ ಏನೂ ಹೇಳಿರಲಿಲ್ಲ. ಹಬ್ಬಕ್ಕೆ ಎರಡೂ ಜೋಡಿ ಕಣಕುಂಬಿಯ ಮಾವನವರ ಮನೆಗೆ ಹೋಗುವುದಿತ್ತು. ಹೆಂಡತಿ ತಂದೆಗೆ ಫೋನ್ ಮಾಡಿ ದೂರು ಹೇಳಿದಳು. ಮಾವನವರು ಫೋನಿನಲ್ಲೇ ಪಂಚಾಯ್ತಿ ಮುಗಿಸಿದರು.

"ಎರಡೂ ಕಾರು ಬೆಳಗಾವಿಯಿಂದ ಒಮ್ಮೆಲೆ ಬಿಡ್ರಿ. ಕೆಂಪು ಮೊದಲ ಬಂತಂದ್ರ ಅದು ಇರಲಿ. ಮತ್ತ ಅದಕ್ಕ ಒಂದು ಮೊಳಿ ಸೈತ ಹೊಡಿಸೂದು ಬ್ಯಾಡ. ನೀಲಿ ಮೊದಲ ಬಂತೋ, ಕೆಂಪು ಮಾರ್ರಿ, ಏಳು ಮಂದೀದು ತಗೋರಿ. ನಾ ಕಟ್ಟಿ ಮ್ಯಾಲ ಕುಂತು ನೋಡ್ತೀನಿ."

ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಎರಡೂ ಕಾರು ಹೊರಟವು. ನಾನು ಮುಂದೆ, ಷಡ್ಡಕ ಹಿಂದೆ. ಊರು ದಾಟುತ್ತಲೇ ಹೆಂಡತಿ ಹಿಂದೆ ತಿರುಗಿ ನೋಡಿದಳು. "ಸಾವಕಾಶ ಹೊಡೀರಿ. ತಂಗಿ ಹಿಂದ ಉಳದ್ಲು."

ಸಾವಕಾಶ ಮಾಡಿದೆ. ನೀಲಿ ಕಾರೂ ಸಾವಕಾಶವಾಯಿತು. ಫೋನ್ ಬಂತು. ಹೆಂಡತಿ ಸ್ಪೀಕರ್ ಹಚ್ಚಿದಳು.

"ಅಣ್ಣಾರ, ಯಾಕ ನಿಂತ್ರಿ? ಮುಂದ ನಡೀರಿ," ಎಂದ ಷಡ್ಡಕ.

"ನೀವು ನಡೀರಿ," ಎಂದೆ.

"ಛೇ ಛೇ! ಹಿರಿ ಅಳಿಯಾರನ್ನ ದಾಟಿ ನಾ ಹ್ಯಾಂಗ ಹೋಗ್ಲಿ? ಮಾವಾರು ಕಟ್ಟಿ ಮ್ಯಾಲ ಕುಂತಾರ. ಏನಂದಾರು?"

ಅವನ ಬದಿಯಿಂದ ನಾದಿನಿಯ ದನಿ ಕೇಳಿತು: "ಅಕ್ಕನ ಗಾಡಿ ಓವರ್‌ಟೇಕ್ ಮಾಡಿದ್ರ ನೋಡ್ರಿ, ನಾ ಇಲ್ಲೇ ಇಳೀತೀನಿ!"

ತಂಗಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ ಎಂದು ನನ್ನವಳು. ಅಕ್ಕನನ್ನು ದಾಟುವಂತಿಲ್ಲ ಎಂದು ಅವನವಳು. ಎರಡು ಹುಲಿಗಳೂ ನಡಿಗೆಯ ವೇಗಕ್ಕೆ ಇಳಿದವು. ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಇಬ್ಬರನ್ನೂ ದಾಟಿತು. ಅದನ್ನು ಹೊಡೆಯುತ್ತಿದ್ದವನು ಬಗ್ಗಿ, "ಪೆಟ್ರೋಲ್ ಸಂಪ್ಲಂ ಕಾ?" ಎಂದು ಮರಾಠಿಯಲ್ಲಿ ಕೇಳಿದ. ಪೆಟ್ರೋಲು ಇದೆ, ಮುಗಿದಿಲ್ಲ ಎಂದು ಹೆಂಡತಿ ಮರಾಠಿಯಲ್ಲೇ ಹೇಳಿದಳು. ಅವನಿಗೆ ನಂಬಿಕೆ ಬರಲಿಲ್ಲ. "ಹಗ್ಗ ಐತ್ರಿ, ಎರಡೂ ಕಟ್ಟಿ ಎಳೀಲೇನು?" ಎಂದು ಕನ್ನಡದಲ್ಲೂ ಕೇಳಿ ನೋಡಿದ.

ಜಾಂಬೋಟಿಯಲ್ಲಿ ಚಹಾಕ್ಕೆ ನಿಂತೆವು. ಅಕ್ಕತಂಗಿಯರು ಒಂದು ಬಾಕಿನ ಮೇಲೆ ಕುಳಿತು ಮಾತು ಶುರು ಮಾಡಿದರು. ಚಹಾ ಮುಗಿಯಿತು, ಮಾತು ಮುಗಿಯಲಿಲ್ಲ. "ನಾವಿಬ್ಬರೂ ಒಂದರಾಗ ಬರ್ತೀವಿ. ನೀವಿಬ್ಬರೂ ಒಂದರಾಗ ಬರ್ರಿ," ಎಂದು ಎದ್ದು ಹತ್ತಿರವಿದ್ದ ನೀಲಿ ಕಾರಿನಲ್ಲಿ ಕುಳಿತರು. ಸ್ಟೇರಿಂಗಿನ ಮುಂದೆ ಕುಳಿತದ್ದು ನನ್ನ ಹೆಂಡತಿ. ಅವಳು ದಿನವೂ ಪಾಠ ಹೇಳಲು ಕಾಲೇಜಿಗೆ ತನ್ನ ಸಣ್ಣ ಕಾರನ್ನು ಹೊಡೆಯುವವಳೇ. ಕೆಂಪು ಕಾರನ್ನು ಮಾತ್ರ ನಾನು ಕೊಟ್ಟಿರಲಿಲ್ಲ, ಅವಳು ಕೇಳಿರಲಿಲ್ಲ. ನೀಲಿ ಕಾರು ಒಮ್ಮೆ ಗುಡುಗಿ ತಿರುವಿನಲ್ಲಿ ಮಾಯವಾಯಿತು.

ಈಗ ಕೆಂಪು ಕಾರಿನ ಬಳಿ ನಾವಿಬ್ಬರು ಗಂಡಸರು.

"ಹೊಡೀರಿ ಅಣ್ಣಾರ, ನಿಮ್ಮ ಗಾಡಿ," ಎಂದು ಷಡ್ಡಕ ಬಾಗಿಲು ತೆರೆದು ಹಿಡಿದ.

"ನೀವು ಹೊಡೀರಿ," ಎಂದೆ ನಾನೂ ಅದೇ ಬಾಗಿಲನ್ನು ಹಿಡಿದು.

"ಅದು ಹ್ಯಾಂಗಾಗ್ತದ್ರಿ? ದೊಡ್ಡಾವ್ರು ಬಾಜೂ ಕುಂತು, ನಾ ಹೊಡಿಯೂದೇನ್ರಿ?"

"ಇರ್ಲಿ ಕುಂದರ್ರಿ."

"ನೀವು ಮೊದಲ ಕುಂದರ್ರಿ."

ಚಹಾದವನು ಬಹಳ ಹೊತ್ತು ನೋಡಿದ. ಕೊನೆಗೆ ಹೊರಗೆ ಬಂದ. "ಒಬ್ಬರಾರ ಕುಂದರ್ರಿ. ಇಲ್ಲಾ ಇನ್ನೆರಡು ಚಾ ಹೇಳ್ರಿ."

ಇನ್ನೆರಡು ಚಹಾ ಹೇಳಿದೆವು.

ಕಣಕುಂಬಿ ಮುಟ್ಟಿದಾಗ ಹೆಣ್ಣುಮಕ್ಕಳ ಆರತಿ ಮುಗಿದು, ಊಟವೂ ಮುಗಿದು, ಎಲೆ ಅಡಿಕೆ ನಡೆದಿತ್ತು. ಮಾವನವರು ಕಟ್ಟೆಯಿಂದ ಏಳದೆ ತೀರ್ಪು ಹೇಳಿದರು: "ನೀಲಿ ಮೊದಲ ಬಂತು."

ನಾನು ಕೆಂಪು ಕಾರನ್ನು ಕೊನೆಯ ಸಲ ನೋಡುವಂತೆ ನೋಡಿದೆ.

"ಆದ್ರ ಅಪ್ಪಾ," ಎಂದಳು ನಾದಿನಿ, "ಹೊಡಕೊಂಡು ಬಂದಾಕಿ ಕೆಂಪು ಕಾರಿನ ಮನಿಯಾಕಿ. ಹಂಗಾರ ಗೆದ್ದವರು ಯಾರು?"

ಮಾವನವರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಮೀಸೆ ಸವರಿಕೊಂಡರು. ಇದಕ್ಕೆ ತಮ್ಮ ಬಳಿ ಕಾನೂನಿಲ್ಲವೆಂದು ತೋರಿ ಹಿರಿಯ ಮಗಳ ಮುಖ ನೋಡಿದರು.

ಅವಳು ನೇರವಾಗಿ ನನ್ನ ಬಳಿ ಬಂದು ಕೈ ಚಾಚಿದಳು. "ಇದನ್ನ ಸುಧಾರಿಸೂದೂ ಬ್ಯಾಡ, ಜೋರಿಂದು ತರೂದೂ ಬ್ಯಾಡ. ಗಾಡಿ ಛಲೋನ ಅದ. ಡ್ರೈವರ್ ಒಬ್ಬನ್ನ ಬದಲಿ ಮಾಡಿದ್ರ ಸಾಕು. ಕೀಲಿ ಕೊಡ್ರಿ."

ಕೊಟ್ಟೆ. ಮರುದಿನ ತಿರುಗಿ ಬರುವಾಗ ನಾನು ಎಡಗಡೆಯ ಸೀಟಿನಲ್ಲಿದ್ದೆ. ಕೆಂಪು ಕಾರು ಅಷ್ಟು ಜೋರಾಗಿ ಓಡಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ದಾರಿಯಲ್ಲಿ ಕಾಡು ಬಹಳ ಚೆನ್ನಾಗಿತ್ತಂತೆ. ಹೆಂಡತಿ ಹೇಳಿದಳು. ನಾನು ನೋಡಲಿಲ್ಲ, ಶಹಾಪುರ ಬರುವವರೆಗೂ ಕಣ್ಣು ಮುಚ್ಚಿಕೊಂಡಿದ್ದೆ.