ಸಂಘ ಸೇರುವುದರ ಪ್ರಯೋಜನಗಳು ಹಾಗೂ ಗ್ಯಾನಮ್ಮನ ಬಲಗೈ ಕುರಿತು

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲೂಕುಗಳ ಸಂಯುಕ್ತ ಭೌತಚಿಕಿತ್ಸಕರ ಸಂಘ
ಕೇಂದ್ರ ಕಚೇರಿ: ಅಧ್ಯಕ್ಷರ ಅಣ್ಣನವರ ಅಕ್ಕಿ ಗಿರಣಿ, ಎರಡನೇ ಮಹಡಿ, ಸಿಂಧನೂರು
(ಮೆಟ್ಟಿಲು ಹತ್ತಲಾರದವರು ಆ ಬಗ್ಗೆ ದೂರನ್ನು ಮೇಲೆ ಬಂದು ಸಲ್ಲಿಸತಕ್ಕದ್ದು)

ಸಂಖ್ಯೆ: ಸಂಭೌಸಂ/ಪ್ರಯೋಜನ/ಕೈ/17/2024-25

ಸುತ್ತೋಲೆ

ವಿಷಯ: ಸಂಘದ ಸದಸ್ಯತ್ವದಿಂದ ಆಗುವ ಪ್ರಯೋಜನಗಳನ್ನು ತಿಳಿಯಪಡಿಸುವ, ಹಾಗೂ ಸರ್ವಸದಸ್ಯರ ಸಭೆಯಲ್ಲಿ ಎದ್ದ ಒಂದು ಕೈಯನ್ನು ಎದ್ದಿಲ್ಲವೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ:
1. ಗೊರೇಬಾಳದ ಭೌತಚಿಕಿತ್ಸಕಿ, ಸದಸ್ಯರಲ್ಲದ ಕು. ಅಂಬಿಕಾ ಅವರ ಮೌಖಿಕ ಪ್ರಶ್ನೆ.
2. ಪಾಮನಕಲ್ಲೂರಿನ ಕೂಲಿಕಾರ್ಮಿಕ ಮಹಿಳೆ ಗ್ಯಾನಮ್ಮ ಅವರ ಬಲಗೈ ಕುರಿತು ಅಧ್ಯಕ್ಷರು ನೀಡಿದ ಪ್ರಮಾಣಪತ್ರ.
3. ಸದರಿ ಬಲಗೈ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (1)ರ ಅಂಬಿಕಾ ಅವರನ್ನು ಸಂಘಕ್ಕೆ ಸೇರಿಸಿಕೊಳ್ಳಲು ಪದಾಧಿಕಾರಿಗಳು ಗೊರೇಬಾಳಕ್ಕೆ ಕಾರಿನಲ್ಲಿ ತೆರಳಿದಾಗ, ಆಕೆ ಚಹಾ ಕೊಟ್ಟು, "ಸಂಘ ಅಂದ್ರ ಛಲೋನ ಅದ ರೀ ಸರ್. ಸರಕಾರಿ ದವಾಖಾನಿಗೆ ನಮ್ಮಂಥವರದು ಒಂದು ಪೋಸ್ಟ್ ಕೊಡ್ರಿ ಅಂತ ಎಲ್ಲಾರೂ ಕೂಡಿ ಕೇಳೂಣು. ಕೇಳ್ತೀವಿ ಅನ್ರಿ, ಈಗ ಸಹಿ ಹಾಕ್ತೀನಿ. ಇಲ್ಲಂದ್ರ ಸೇರಿ ನನ್ನ ಪೇಷಂಟಿಗೆ ಏನ್ ಬಂತು?" ಎಂದು ವಿಚಾರಿಸಿರುತ್ತಾರೆ. ರೋಗಿಯ ಪ್ರಸ್ತಾಪ ಸಂಘದ ಇತಿಹಾಸದಲ್ಲಿ ಇದೇ ಮೊದಲಾದ್ದರಿಂದ ಪದಾಧಿಕಾರಿಗಳು ಚಹಾ ಅರ್ಧಕ್ಕೇ ಬಿಟ್ಟು ಎದ್ದಿರುತ್ತಾರೆ. ಇಂತಹ ಅನುಮಾನ ಇತರರಿಗೆ ಹರಡದಂತೆ ತಡೆಯಲು, ಪ್ರಯೋಜನಗಳನ್ನು ಕೆಳಕಂಡಂತೆ ಪ್ರಕಟಿಸಲಾಗಿದೆ:

1. ಸದಸ್ಯರಿಗೆ ಗುರುತಿನ ಚೀಟಿ ನೀಡಲಾಗುವುದು. ಅದನ್ನು ಸದಾ ಕೊರಳಲ್ಲಿ ಧರಿಸತಕ್ಕದ್ದು. ಚಿಕಿತ್ಸಕರು ಬಾಗಿದಾಗ ಚೀಟಿಯು ರೋಗಿಯ ಮುಖಕ್ಕೆ ಬಡಿದಲ್ಲಿ, ಅದನ್ನು ಚಿಕಿತ್ಸೆಯ ಭಾಗವೆಂದು ಪರಿಗಣಿಸಲಾಗುವುದು.

2. ಅಧ್ಯಕ್ಷರ ಹುಟ್ಟುಹಬ್ಬದ ಬ್ಯಾನರಿನಲ್ಲಿ ಸದಸ್ಯರ ಭಾವಚಿತ್ರಕ್ಕೆ ಸ್ಥಳ ಕಲ್ಪಿಸಲಾಗುವುದು. ಹೊಸಬರಿಗೆ ಅಧ್ಯಕ್ಷರ ಮೊಣಕಾಲಿನ ಮಟ್ಟ. ಸೇವಾ ಜ್ಯೇಷ್ಠತೆಯ ಮೇರೆಗೆ ಸೊಂಟ, ತದನಂತರ ಭುಜ. ತಲೆಯ ಮಟ್ಟಕ್ಕೆ ಯಾರನ್ನೂ ಪರಿಗಣಿಸತಕ್ಕದ್ದಲ್ಲ.

3. ಸನ್ಮಾನದ ಹಾರಗಳ ಭಾರದಿಂದ ಪದಾಧಿಕಾರಿಗಳಿಗೆ ಕತ್ತುನೋವು ಬರುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಸದರಿ ಕತ್ತುಗಳಿಗೆ ಉಚಿತ ಚಿಕಿತ್ಸೆ ನೀಡುವ ಅವಕಾಶ ಸದಸ್ಯರಿಗೆ ಮಾತ್ರ ಲಭ್ಯ. ಗುಣವಾದ ಪದಾಧಿಕಾರಿಯನ್ನು ಗುಣಪಡಿಸಿದವರೇ ಹಾರ ಹಾಕಿ ಸನ್ಮಾನಿಸತಕ್ಕದ್ದು.

4. ನಮ್ಮದು ಮುಟ್ಟಿ ಮಾಡುವ ಚಿಕಿತ್ಸೆಯಾದ್ದರಿಂದ, ಯಾರನ್ನು ಯಾವಾಗ ಮುಟ್ಟಬೇಕೆಂಬ ಚಿಂತೆಯಿಂದ ಸದಸ್ಯರನ್ನು ಮುಕ್ತಗೊಳಿಸಲಾಗಿದೆ. ಬೆಳಿಗ್ಗೆ ಗಿರಣಿ ಮಾಲೀಕರ ಮಂಡಿ, ಮಧ್ಯಾಹ್ನ ಅಂಗಡಿಕಾರರ ಸೊಂಟ. ವೇಳೆ ಉಳಿದಲ್ಲಿ ಭತ್ತದ ಚೀಲ ಹೊರುವ ಹಮಾಲರ ಬೆನ್ನು ಹಾಗೂ ನಾಟಿ ಹಚ್ಚುವ ಹೆಣ್ಣುಮಕ್ಕಳ ನಡ. ಇವು ಮೊದಲೇ ಬಾಗಿರುವುದರಿಂದ ಕಾಯುವುದು ಅವುಗಳಿಗೆ ರೂಢಿಯಾಗಿದೆ. ಊರ ಹೊರಗಿನ ಓಣಿಯವರನ್ನು ಮುಟ್ಟಿದ ಕೈಯಿಂದ ಅದೇ ದಿನ ಅಧ್ಯಕ್ಷರ ತಾಯಿಯವರ ಮಂಡಿಯನ್ನು ಮುಟ್ಟತಕ್ಕದ್ದಲ್ಲ. ಇದು ಜಾತಿಯ ವಿಷಯವಲ್ಲ, ಸ್ನಾಯುವಿನ ವಿಷಯವೆಂದು ಯಾರೂ ಕೇಳದಿದ್ದರೂ ಸ್ಪಷ್ಟಪಡಿಸಲಾಗಿದೆ.

5. ಸದಸ್ಯರಿಗೆ ಸಂಘದ ಮುದ್ರೆಯುಳ್ಳ ರಬ್ಬರ್ ಚೆಂಡು ಒದಗಿಸಲಾಗುವುದು. ಅಂಬಿಕಾ ಅವರು ಪ್ರತಿ ಮಂಗಳವಾರ ಬಸ್ಸು ಹಿಡಿದು ಪಾಮನಕಲ್ಲೂರಿಗೆ ಹೋಗಿ, ಅಲ್ಲಿನ ಊರ ಹೊರಗಿನ ಓಣಿಯ ಸಮುದಾಯ ಭವನದಲ್ಲಿ, ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿದ್ದ ಗ್ಯಾನಮ್ಮ ಅವರ ಅಂಗೈಗೆ ಚೆಂಡಿನ ಬದಲು ಜೋಳದ ಹಿಟ್ಟು ಕೊಟ್ಟು ನಾದಿಸುತ್ತಿರುವುದು ಗಮನಕ್ಕೆ ಬಂದಿದೆ. ಚೆಂಡು ತೆಗೆದುಕೊಂಡು ಹೋದ ಜವಾನ ಯೂನುಸನಿಗೆ ಗ್ಯಾನಮ್ಮ ಅವರು, "ಚಂಡು ಹಿಚಿಕಿ ಏನ್ ಮಾಡ್ಲೋ ಯಪ್ಪಾ, ಅದೇನು ಹೊಟ್ಟಿಗೆ ಆಕೈತೇನು? ನನ್ನ ಕೈಲೆ ನಾನು ರೊಟ್ಟಿ ಬಡದು ತಿನಬೇಕು, ಅಷ್ಟ. ಆ ಹುಡುಗಿನ್ನ ಬರಗೊಡ್ರಿ" ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆಯಲ್ಲಿ ವೈದ್ಯಕೀಯ ಅಂಶಗಳು ಕಂಡುಬಂದಿರುವುದಿಲ್ಲ. ಹಿಟ್ಟು ಅಂಗೀಕೃತ ಉಪಕರಣವಲ್ಲ.

6. ಆದ್ದರಿಂದ, ಸದರಿ ಭವನಕ್ಕೆ ಬೀಗ ಹಾಕಿಸಿ ಅಂಬಿಕಾ ಅವರ ಮಂಗಳವಾರಗಳನ್ನು ನಿಲ್ಲಿಸುವ ನಿರ್ಣಯವನ್ನು ಸರ್ವಸದಸ್ಯರ ಸಭೆಯ ಮುಂದೆ ಇಡಲಾಯಿತು. ಇಂತಹ ನಿರ್ಣಯ ಸರ್ವಾನುಮತದಿಂದಲೇ ಆಗತಕ್ಕದ್ದೆಂಬುದು ಸಂಘದ ನಿಯಮ. ಅಂದು ಮದುವೆಗಳು ಹೆಚ್ಚಿದ್ದು ಸದಸ್ಯರು ಬಾರದ ಕಾರಣ, ವಾಡಿಕೆಯಂತೆ ಸುತ್ತಲ ಹಳ್ಳಿಗಳ ರೋಗಿಗಳನ್ನು ಟಂಟಂ ಆಟೋಗಳಲ್ಲಿ ಕರೆತಂದು, ಒಂದು ದಿನದ ಗೌರವ ಸದಸ್ಯರೆಂದು ಹಾಜರಿ ಹಾಕಿ, ಪಲಾವ್ ನೀಡಿ, ಕುರ್ಚಿಗಳನ್ನು ಭರ್ತಿ ಮಾಡಲಾಯಿತು. ಇವರಲ್ಲಿ ಗ್ಯಾನಮ್ಮ ಅವರೂ ಬಂದದ್ದು ಹೇಗೆಂದು ವಿವರಣೆ ಕೇಳಲಾಗಿ, ಯೂನುಸನು, "ಕುರ್ಚಿ ತುಂಬಸು ಅಂದ್ರಿ ಸಾಹೇಬ್ರ. ಯಾರನ್ನ ಬಿಟ್ಟು ಅಂತ ಹೇಳಲಿಲ್ಲ" ಎಂದು ಉತ್ತರಿಸಿರುತ್ತಾನೆ.

7. ಅಧ್ಯಕ್ಷರು "ಯಾರರ ವಿರೋಧ ಇದ್ರ ಕೈ ಎತ್ರಿ" ಎಂದು ಕೇಳಿ, ಪದ್ಧತಿಯಂತೆ ಯಾರ ಕಡೆಗೂ ನೋಡದೆ ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ, ಕೊನೆಯ ಸಾಲಿನಲ್ಲಿದ್ದ ಗ್ಯಾನಮ್ಮ ಅವರು ಸೆರಗಿನೊಳಗಿಂದ ಬಲಗೈ ತೆಗೆದು, ಮೊದಲು ಎದೆಯ ಮಟ್ಟಕ್ಕೆ, ತಡೆದು ಭುಜದ ಮಟ್ಟಕ್ಕೆ, ಅನಂತರ ಪೂರ್ತಿ ಮೇಲಕ್ಕೆ ಎತ್ತಿರುತ್ತಾರೆ. ಇಳಿಸುವಂತೆ ಸೂಚಿಸಲಾಗಿ, "ತಡೀರಿ ಸಾಹೇಬ್ರ. ಎತ್ತಾಕ ಒಂದು ವರ್ಷ ಹಿಡದೈತಿ, ಇಷ್ಟು ಲಗೂನ ಇಳಸಂಗಿಲ್ಲ" ಎಂದಿರುತ್ತಾರೆ. ಆಗ ಹಿಂದಿನ ಕುರ್ಚಿಗಳಿಂದ ಕೇಳಿಬಂದ ಚಪ್ಪಾಳೆಯನ್ನು ಮಣಿಕಟ್ಟಿನ ವ್ಯಾಯಾಮವೆಂದು ನಡಾವಳಿಯಲ್ಲಿ ದಾಖಲಿಸಲಾಗಿದೆ.

8. ಸದರಿ ಕೈಯನ್ನು ಲೆಕ್ಕಕ್ಕೆ ಹಿಡಿದಲ್ಲಿ ನಿರ್ಣಯ ಬೀಳುತ್ತದೆ. ಗ್ಯಾನಮ್ಮ ಅವರ ಹಾಜರಿಯನ್ನೇ ರದ್ದುಪಡಿಸಿದಲ್ಲಿ ಉಳಿದ ಕುರ್ಚಿಗಳೂ ರದ್ದಾಗಿ, ಅದೇ ಸಭೆಯಲ್ಲಿ ನಡೆದ ಅಧ್ಯಕ್ಷರ ಮರುಆಯ್ಕೆಯೂ ಬೀಳುತ್ತದೆ. ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಗ್ಯಾನಮ್ಮ ಅವರು ಈ ಹಿಂದೆ ಎರಡನೇ ಮಹಡಿಗೆ ಹತ್ತಿ ಬಂದಾಗ ಅಧ್ಯಕ್ಷರು ದೂರದಿಂದಲೇ ತಪಾಸಿಸಿ, "ಈ ಕೈ ಹೋತವ್ವಾ, ಮನಿಗಿ ಹೋಗು" ಎಂದು ತಿಳಿಸಿ, ಕೈ ಇನ್ನು ಮೇಲೇಳುವುದಿಲ್ಲವೆಂದು ಪ್ರಮಾಣಪತ್ರ ನೀಡಿದ್ದು ಕಂಡುಬಂದಿದೆ. ಪ್ರಮಾಣಪತ್ರ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಸದರಿ ಕೈ ಏಳುವಂತಿಲ್ಲ, ಏಳುವಂತಿಲ್ಲವಾದ್ದರಿಂದ ಎದ್ದಿರುವುದಿಲ್ಲ. ನಿರ್ಣಯವು ಸರ್ವಾನುಮತದಿಂದ ಅಂಗೀಕೃತವಾಗಿದೆಯೆಂದು ಈ ಮೂಲಕ ಘೋಷಿಸಲಾಗಿದೆ.

9. ಸಭೆಯಲ್ಲಿ ಕೈಯನ್ನು ಕಣ್ಣಾರೆ ಕಂಡವರು ತಮ್ಮ ದೃಷ್ಟಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಪ್ರಮಾಣೀಕೃತ ಕೈಯೊಂದನ್ನು ಅನುಮತಿಯಿಲ್ಲದೆ ಗುಣಪಡಿಸಿ ಪ್ರಮಾಣಪತ್ರದ ಘನತೆಗೆ ಧಕ್ಕೆ ತಂದದ್ದೇಕೆಂದು ಅಂಬಿಕಾ ಅವರು ಲಿಖಿತ ಸಮಜಾಯಿಷಿ ನೀಡತಕ್ಕದ್ದು.

10. ಗ್ಯಾನಮ್ಮ ಅವರು ಮುಂದಿನ ಆದೇಶದವರೆಗೆ ಸದರಿ ಕೈಯನ್ನು ಸೆರಗಿನೊಳಗೆ ಯಥಾಸ್ಥಿತಿ ಇಟ್ಟುಕೊಳ್ಳತಕ್ಕದ್ದು. ಭವನದ ಪಕ್ಕದ ಮನೆಯವರಾದ್ದರಿಂದ ಅದರ ಕೀಲಿಯು ಇವರ ಬಳಿಯೇ ಇರುತ್ತದೆ. ಯೂನುಸನು ಖುದ್ದಾಗಿ ತೆರಳಿ ಕೀಲಿಯನ್ನು ವಶಕ್ಕೆ ಪಡೆದು ವರದಿ ಮಾಡತಕ್ಕದ್ದು.

ಸಹಿ/-
(ಅಮರಗುಂಡಪ್ಪ)
ಅಧ್ಯಕ್ಷರು, ಮರುಆಯ್ಕೆಗೊಂಡವರು

ಪ್ರತಿಗಳು:
1. ಮೂರೂ ತಾಲೂಕುಗಳ ಎಲ್ಲ ಸದಸ್ಯರಿಗೆ, ಬ್ಯಾನರಿನಲ್ಲಿನ ಮಟ್ಟದ ಕ್ರಮದಲ್ಲಿ.
2. ಅಧ್ಯಕ್ಷರ ತಾಯಿಯವರಿಗೆ, ಮಂಡಿಯ ಮಾಹಿತಿಗಾಗಿ.
3. ಕು. ಅಂಬಿಕಾ, ಗೊರೇಬಾಳ, ಅರ್ಧಕ್ಕೆ ಬಿಟ್ಟ ಚಹಾಕ್ಕೆ ವಂದನೆಗಳೊಂದಿಗೆ.
4. ಗ್ಯಾನಮ್ಮ, ಪಾಮನಕಲ್ಲೂರು, ಎಡಗೈಯಿಂದ ಸ್ವೀಕರಿಸತಕ್ಕದ್ದು.
5. ಕಚೇರಿ ಪ್ರತಿ.

(ಕಚೇರಿ ಪ್ರತಿಯ ಹಿಂಬದಿಯಲ್ಲಿ ಜವಾನ ಯೂನುಸನ ವರದಿ)
ಪಾಮನಕಲ್ಲೂರಿಗೆ ಹೋಗಿ ಬಂದೀನ್ರಿ. ಮಂಗಳವಾರ ಇತ್ತು, ಭವನ ತೆರದಿತ್ತು, ಅಂಬಿಕಾ ಮೇಡಮ್ಮಾರು ಒಳಗಿದ್ರು. ಗ್ಯಾನಮ್ಮ ಕಾಗದ ಬಲಗೈಲೆ ಇಸಗೊಂಡ್ಳು. ಕೀಲಿ ಕೇಳಿದೆ. ಅದ ಕೈಯಾಗ ಮುಷ್ಟಿ ಮಾಡಿ ಹಿಡದು, "ಹೋದ ಕೈ ಅಲ್ಲೇನಪಾ ಇದು, ಬಿಡಿಸ್ಕೋ ನೋಡೂಣು" ಅಂದ್ಳು. ಒಂದೊಂದ ಬೆರಳು ಹಿಡದು ನೋಡಿದೆ. ಬರಲಿಲ್ರಿ.