ಹೋತ ಅಂದದ್ದಕ್ಕೆ

ಬೆಳಿಗ್ಗೆ ಏಳೂವರೆಗೆ ಗೇಟಿನ ಹತ್ತಿರ ನಿಂತಿದ್ದ ಭರಮಣ್ಣ, ಹಾಲು ತರಲು ಹೊರಟ ಹೆಡ್‌ಮಾಸ್ತರ ಗುರುಪುತ್ರಪ್ಪನವರಿಗೆ, "ಏನಪಾ ಹೋತ, ಇವತ್ತ ತಡಾ ಆತಲ್ಲ" ಅಂದುಬಿಟ್ಟ.

ಬೇರೆ ಯಾರಿಗಾದರೂ ಅಂದಿದ್ದರೆ ನಡೆಯುತ್ತಿತ್ತು. ಗುರುಪುತ್ರಪ್ಪನವರು ರಿಟೈರಾದ ಮೇಲೆ, ಆರು ತಿಂಗಳಿಂದ, ಬಹಳ ಆಸೆಪಟ್ಟು ಒಂದು ಚೂಪು ಗಡ್ಡ ಬೆಳೆಸಿದ್ದರು. ಹಾಲಿನ ಪಾತ್ರೆ ಹಿಡಿದುಕೊಂಡೇ ಅವರು ಸೀದಾ ಒಳಗೆ ಬಂದರು.

ಒಳಗೆ ಭರಮಣ್ಣನ ಮಗ ಬೀರೇಶ ಕನ್ನಡಿಯ ಮುಂದೆ ನಿಂತು ಗಡ್ಡ ಕೆರೆಯುತ್ತಿದ್ದ. ಹೆಸರಿಗೆ ಸರ್ಕಾರಿ ಕಚೇರಿಯ ಗುಮಾಸ್ತ. ಆದರೆ ಅವನ ತಲೆಯೊಳಗೆ ದಿನಕ್ಕೆ ನಾಲ್ಕು ಆಟ, ಎಲ್ಲವೂ ಹೌಸ್‌ಫುಲ್ಲು. ಈಗ ಮುಖದ ಮೇಲಿನ ನೊರೆ ಹಿಮವಾಗಿತ್ತು, ಹಿಮದ ನಡುವೆ ಅವನು ಹೀರೋ ಆಗಿ ಓಡುತ್ತಿದ್ದ.

"ಬೀರೇಶ, ನಿಮ್ಮಪ್ಪ ನನಗ ಹೋತ ಅಂದ್ರು."

"ಪ್ರೀತೀಲೆ ಅಂದಿರ್ತಾನ್ರಿ ಸರ."

"ಅಂಥಾ ಪ್ರೀತಿ ನನಗ ಬ್ಯಾಡ."

ಬಾಜು ಮನೆಯ ಚಂದ್ರವ್ವ ಕಾಂಪೌಂಡಿನ ಮೇಲಿಂದ ಕೇಳಿಸಿಕೊಂಡು ತಾನೂ ಬಂದಳು. "ನನಗ ಮೊನ್ನೆ ಕುಂಟಿ ಅಂದ್ರಪಾ. ನಾ ಕುಂಟತೀನೇನು, ಹೇಳು?" ಅನ್ನುತ್ತ ಕುಂಟುತ್ತ ಹೋಗಿ ಕುರ್ಚಿಯ ಮೇಲೆ ಕೂತಳು.

ಭರಮಣ್ಣ ಐವತ್ತು ವರ್ಷ ಕುರಿ ಕಾಯ್ದವನು. ಹೆಂಡತಿ ರೇಣವ್ವ ತೀರಿಕೊಂಡ ಮೇಲೆ ಹಿಂಡು ಮಾರಿ, ಒಂದು ಕಂಬಳಿ ಹೊದ್ದು, ಹಿಂಡಿನ ಮುಂದೆ ನಡೆಯುತ್ತಿದ್ದ ಕುರಿಯ ಕೊರಳಿನ ಗಂಟೆಯನ್ನು ಅದರ ತುದಿಗೆ ಗಂಟು ಹಾಕಿಕೊಂಡು ಬೆಳಗಾವಿಯ ಸದಾಶಿವನಗರದ ಮಗನ ಮನೆಗೆ ಬಂದು ಮೂರು ವರ್ಷವಾಗಿತ್ತು. ಹಿಂಡು ಹೋದರೂ ಎಣಿಕೆ ಹೋಗಲಿಲ್ಲ. ಸಂಜೆಯಾದರೆ ಗೇಟಿನಲ್ಲಿ ನಿಂತು ಓಣಿಯವರು ಮನೆಗೆ ಮರಳುವುದನ್ನು ಎಣಿಸುತ್ತಿದ್ದ. ಎಲ್ಲರೂ ಬರುವತನಕ ರೊಟ್ಟಿ ಮುಟ್ಟುತ್ತಿರಲಿಲ್ಲ. ಓಣಿಗೆ ಅದು ಹಿಡಿಸಿತ್ತು. ಈಚೆಗೆ ಮಾತ್ರ ಎಲ್ಲರ ಹೆಸರು ಬಿಟ್ಟು ಕುರಿಗಳ ಹೆಸರು ಶುರುವಾಗಿತ್ತು. ಮಜ್ಜಿಗೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಮಗನದು. ಸುಮ್ಮನೆ ಕೂತಾಗ ಗಂಟೆ ಅಲ್ಲಾಡಿಸಿ ತಾನೇ ನಗುತ್ತಿದ್ದ.

ಗುರುಪುತ್ರಪ್ಪನವರು ಕಿಸೆಯಿಂದ ಪೇಪರಿನ ತುಂಡೊಂದನ್ನು ತೆಗೆದರು. ಮುಪ್ಪಿನಲ್ಲಿ ಬುದ್ಧಿ ಹೋಗುವುದರ ಹತ್ತು ಲಕ್ಷಣ. ಕೆಂಪು ಪೆನ್ನಿನಿಂದ ಟಿಕ್ ಹಾಕುತ್ತ ಹೋಗಿ ಕೆಳಗೆ ಗೆರೆ ಎಳೆದರು.

"ಹತ್ತಕ್ಕ ಏಳು. ಫಸ್ಟ್ ಕ್ಲಾಸ್. ಮನ್ಯಾಗ ನೋಡಿಕೊಳ್ಳಾಕ ಒಂದ ಆಳ ಬೇಕs ಬೇಕು. ಖಾನಾಪುರದಾಗ ಅಕ್ಕವ್ವ ಅಂತ ಅದಾಳ, ನಮ್ಮ ಅವ್ವನ್ನ ನಾಕ ವರ್ಷ ನೋಡಿಕೊಂಡಾಕಿ. ಇವತ್ತ ಹೋಗಿ ಕರಕೊಂಡ ಬಾ. ನಾಳೆ ಅಂದಿ, ಸಾಂಬ್ರಾಕ್ಕ ಹೋಗಿ ವಿಮಾನ ಹತ್ತಿರ್ತಾರ ನಿಮ್ಮಪ್ಪ."

ಹೆಂಡತಿ ಪೂನಮ ಚಹಾ ತಂದಿಟ್ಟಳು. "ಮಾವಾರ ಬುದ್ಧಿ ನೆಟ್ಟಗ ಐತ್ರಿ ಸರ. ಮೊನ್ನೆ ಸ್ಕೂಟರ್ ಆಫೀಸಿನಾಗ ಬಿಟ್ಟು ನಡಕೊಂತ ಮನಿಗೆ ಬಂದಾರ ಇವರು. ಆ ಕಾಗದ ಇವರಿಗೊಮ್ಮೆ ಹಚ್ಚಿ ನೋಡ್ರಿ."

ಬೀರೇಶನಿಗೆ ಅದು ಕೇಳಿಸಲಿಲ್ಲ. ಓಣಿಯವರಿಗೆಲ್ಲ ಕುರಿಯ ಹೆಸರಾಯಿತು. ನಾಳೆ ಅಪ್ಪ ನನ್ನ ಮುಖ ನೋಡಿ ನೀ ಯಾರು ಅಂದರೆ? ಎದೆಯೊಳಗೆ ಪಿಟೀಲು ಶುರುವಾಯಿತು. ಅವನು ರಜೆ ಚೀಟಿ ಬರೆದ.

ಬೀಗರ ಮನೆಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿದರೆ ಭರಮಣ್ಣ ಕಂಬಳಿ ಕೊಡವಿ ಎದ್ದ. "ನಾನೂ ಬರ್ತೀನಿ. ನೀ ಒಬ್ಬನ ಹೋದ್ರ ಸಂಜಿಕ ಎಣಿಕ್ಯಾಗ ಒಂದು ಕಮ್ಮಿ ಆಕ್ಕೈತಿ."

ಖಾನಾಪುರದ ಮೇಲೆ ಹೋಗುವ ಹಳಿಯಾಳದ ಬಸ್ಸು ಸಿಕ್ಕಿತು. ಬಸ್‌ಸ್ಟ್ಯಾಂಡಿನ ಉದ್ದಕ್ಕೂ ಅಪ್ಪ ಮಗನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಬಂದ. ಹಿಂದೆಂದೂ ಹೀಗೆ ಮಾಡಿದವನಲ್ಲ. ಎಷ್ಟು ಪ್ರೀತಿ ಅಂತ ಬೀರೇಶ ಕಣ್ಣು ಒರೆಸಿಕೊಂಡ. ಬಾಜು ಕೂತ ಅಪ್ಪ, "ಈಗ ಎಲ್ಲಿ ಬಂದ್ವಿ?" ಅಂತ ನಾಲ್ಕು ಸಲ ಕೇಳಿದ. ಬೀರೇಶ ಮನಸ್ಸಿನಲ್ಲೇ ಎಂಟನೇ ಟಿಕ್ ಹಾಕಿದ.

ಪೀರನವಾಡಿ ದಾಟುವಷ್ಟರಲ್ಲಿ ಅವನ ಕಣ್ಣು ಮುಚ್ಚಿತು, ಪರದೆ ಮೇಲೇರಿತು. ಮೋಡಗಳು ಕುರಿಯಾಗಿ ಇಳಿದು ಬಂದವು. ಅವುಗಳ ನಡುವೆ ಬಿಳಿ ಅಂಗಿಯ ಬೀರೇಶ, ಹೆಗಲ ಮೇಲೆ ಅಪ್ಪನ ಕೈ. "ಯಪ್ಪಾ, ಈ ಕೈ ನನ್ನ ಹೆಗಲ ಬಿಟ್ಟ ದಿನ, ಬೀರೇಶ ಅನ್ನೋ ಹೆಸರ ಈ ಭೂಮಿ ಮ್ಯಾಲೆ ಇರಂಗಿಲ್ಲ." ಮೋಡಗಳೆಲ್ಲ ಚಪ್ಪಾಳೆ ತಟ್ಟಿದವು.

ಎಚ್ಚರಾದಾಗ ಬಸ್ಸು ಖಾನಾಪುರ ದಾಟಿ ನಂದಗಡದಲ್ಲಿ ನಿಂತಿತ್ತು. ಬಾಜು ಸೀಟು ಖಾಲಿ.

"ನಮ್ಮಪ್ಪ ಎಲ್ಲ್ರಿ?"

"ಖಾನಾಪುರದಾಗ ಇಳಿದ್ರಲ್ರಿ," ಅಂದ ಕಂಡಕ್ಟರ್. "ಮುಂದಿನ ಸೀಟಿನಾಂವ ಎದ್ದಾ, ಅವನ ಹೆಗಲ ಮ್ಯಾಲೆ ಕೈ ಇಟ್ಟು, ನಡಿ ಮಗನ ಅಂದ್ರು, ಇಳಿದ್ರು. ಅವನs ಮಗಾ ಅನಕೊಂಡೆ."

"ನನ್ನ ಎಬ್ಬಿಸಬಾರದೇನ್ರಿ?"

"ಎಬ್ಬಿಸಿದ್ನಲ್ರಿ. ಶೂಟಿಂಗ್ ನಡದೈತಿ, ಬಾಜು ಸರಿ ಅಂದ್ರಿ."

ಬೀರೇಶ ಬಸ್ಸಿನಿಂದ ಧುಮುಕಿದ. ಅಂದರೆ ಆಗಿಹೋಯಿತು. ಅಪ್ಪ ಬೇರೆ ಯಾರನ್ನೋ ಮಗ ಅಂದುಬಿಟ್ಟ. ಸಿಕ್ಕ ಹುಲ್ಲಿನ ಲಾರಿಯ ಮೇಲೆ ಹತ್ತಿ ಅವನು ಖಾನಾಪುರಕ್ಕೆ ಮರಳಿ ಬಂದ. ಇಳಿದಾಗ ತಲೆ, ಕಿವಿ, ಅಂಗಿಯ ತುಂಬ ಹುಲ್ಲು. ಒಳ್ಳೇ ಬೆದರುಗೊಂಬೆಗೆ ಗುಮಾಸ್ತಿಕೆ ಸಿಕ್ಕಂತಿದ್ದ.

"ಕಂಬಳಿ, ಧೋತರ, ಬಿಳಿ ಮೀಸಿ" ಅಂತ ಕೇಳಿದರೆ ಪೇಟೆಯವರು ಒಂದೊಂದು ದಿಕ್ಕಿಗೆ ಒಬ್ಬೊಬ್ಬ ಮುದುಕನನ್ನು ತೋರಿಸಿದರು. ಐದನೆಯವನು ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದ. ಅದೇ ಕಂಬಳಿ, ಅದೇ ಬೆನ್ನು. ಬೀರೇಶ ಓಡಿಹೋಗಿ, "ಯಪ್ಪಾ" ಅಂತ ತಬ್ಬಿಕೊಂಡ.

ಮುದುಕ ಹೊರಳಿ ನೋಡಿ ಮೆಲ್ಲಗೆ ಅಂದ: "ಮೀ ತುಲಾ ಓಳಖತ್ ನಾಹೀ, ಬಾಳಾ."

ನಾನು ನಿನ್ನ ಗುರುತು ಹಿಡಿಯಲಾರೆ, ಮಗೂ. ಬೆಳಗಿನಿಂದ ಯಾವ ಮಾತಿಗೆ ಹೆದರಿದ್ದನೋ ಅದೇ ಮಾತು, ಮರಾಠಿಯಲ್ಲಿ. ಬೀರೇಶ ಅಲ್ಲೇ ಕೂತು ಹೋ ಅಂತ ಅತ್ತ. ಮುದುಕ ಅವನ ತಲೆಯ ಹುಲ್ಲು ನೋಡಿದ, ಕಣ್ಣೀರು ನೋಡಿದ, ಕೈ ಹಿಡಿದು ಎಬ್ಬಿಸಿದ. ಖಾನಾಪುರದಲ್ಲಿ ದಾರಿ ತಪ್ಪಿದವರು ಯಾರೇ ಸಿಗಲಿ, ಒಯ್ದು ಬಿಡುವುದು ಒಂದೇ ಮನೆಗೆ.

ಆ ಮನೆಯ ಪಡಸಾಲೆಯಲ್ಲಿ ಐವತ್ತೈದರ ಗಟ್ಟಿ ಹೆಂಗಸೊಬ್ಬಳು ಮೆಂತೆ ಸೊಪ್ಪು ಸೋಸುತ್ತಿದ್ದಳು. ಬೀರೇಶನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟಳು. "ಇವತ್ತ ಇದು ಎರಡನೇದು. ಇದಕ ವಯಸ್ಸು ಸಣ್ಣದು, ಪಾಪ. ಕುಂದರು ತಮ್ಮಾ. ನಾ ಅಕ್ಕವ್ವ. ನಿನ್ನ ಹೆಸರ ನೆನಪೈತಿ?"

ಒಳಗಿನಿಂದ ದನಿಯೊಂದು ಬಂತು. "ಎಡಗಾಲ ಎಳಕೊಂತ ಬಂತಲ್ಲ, ಅದು ನಂದs ಐತಬೇ. ಒಳಗ ಕಳಸು."

ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದ ಭರಮಣ್ಣ ಇನ್ನೂ ಈ ಕಡೆ ತಿರುಗಿಯೂ ಇರಲಿಲ್ಲ.

"ಯಪ್ಪಾ, ನನ್ನ ಗುರ್ತ ಹಿಡದಿ?"

"ಹೆಜ್ಜಿ ಗುರ್ತ ಸಿಗಲಿಲ್ಲಂದ್ರ ಕುರಬ ಆಗಿ ಏನುಪಯೋಗ? ಬಸ್ಸಿನ ಗದ್ದಲದಾಗ ಕಿವಿ ಕೈ ಕೊಟ್ಟಾವು. ಅಂವಾ ನಿನ್ನಂಗs ಕೊಬ್ಬರಿ ಎಣ್ಣಿ ಹಚ್ಚಿದ್ದ. ಇಳಿದ ಮ್ಯಾಲೆ ಹೆಜ್ಜಿ ಕೇಳಿದೆ, ಬ್ಯಾರೇದಂವ. ಅಂವನs ಇಲ್ಲಿ ತಂದು ಬಿಟ್ಟ."

"ಮತ್ತ ಮಾಸ್ತರಗ ಹೋತ ಅಂದಿ? ಅವರ ಗಡ್ಡಕ್ಕ ಭಾಳ ಬ್ಯಾಸರಾಗೇತಿ."

"ಕೆಮ್ಮಕೋಂತ ಹೋಗ್ತಾನ, ನಮ್ಮ ಹಿಂಡಿನ್ಯಾಗಿನ ಹೋತನಂಗ." ಭರಮಣ್ಣ ಚಹಾದ ಲೋಟ ಕೆಳಗಿಟ್ಟ. "ಮಾಸ್ತರಗ ಗಡ್ಡ ಐತೇನು?"

ಅಕ್ಕವ್ವ ಬಂದು ಮುದುಕನ ಮುಖದ ಮುಂದೆ ಮೆಂತೆಯ ಕಟ್ಟು ಆಡಿಸಿದಳು. ಕಣ್ಣು ಅಲುಗಲಿಲ್ಲ. "ಎರಡೂ ಕಣ್ಣಾಗ ಪೊರಿ ಬಂದೈತಿ. ಎಂಟ ತಿಂಗಳಾತಂತ. ತಲಿ ನನ್ನಕಿಂತಾ ಛಲೋ ಐತಿ ಅಣ್ಣಂದು. ಒಂದs ಮನ್ಯಾಗ ಅದೀರಿ, ನೋಡಲಿಲ್ಲೇನು ತಮ್ಮಾ?"

ಚೆಲ್ಲಿದ ಮಜ್ಜಿಗೆ. ಜೋಡಿ ತಪ್ಪಿದ ಚಪ್ಪಲಿ. ಹೆಗಲ ಮೇಲಿನ ಕೈ. ಬೀರೇಶನ ಎದೆಯೊಳಗಿನ ಪಿಟೀಲು ಅವನ ಜನ್ಮದಲ್ಲೇ ಮೊದಲ ಸಲ ನಿಂತಿತು.

"ಯಾಕ ಹೇಳಲಿಲ್ಲ ಯಪ್ಪಾ?"

"ಹೇಳಿದ್ರ ನೀ ಅಳ್ತಿದ್ದಿ."

ಬೀರೇಶ ಅತ್ತ.

"ನೋಡು," ಅಂದ ಭರಮಣ್ಣ ಅಕ್ಕವ್ವನಿಗೆ.

ಬೆಳಗಾವಿಗೆ ಬಾ ಅಂದರೆ ಅಕ್ಕವ್ವ ಒಪ್ಪಲಿಲ್ಲ. "ಇದರಾಗ ನನ್ನ ಕೆಲಸ ಇಲ್ಲ. ನಾಳೆನ ಕಣ್ಣಿನ ಡಾಕ್ಟರ ಕಡೆ ಒಯ್ಯಿ. ಪೊರಿ ತಗಸೂಮಟ ಇವರಿಗೆ ಬೇಕಾಗಿದ್ದು ಒಂದು ಹೆಗಲು. ಎಚ್ಚರ ಇರೂ ಹೆಗಲು."

"ಅದಕ ನಾ ವ್ಯವಸ್ಥಾ ಮಾಡ್ತೀನಿ," ಅಂದ ಭರಮಣ್ಣ, ಕಂಬಳಿಯ ಗಂಟು ಬಿಚ್ಚಿದ. ಮಗನ ಕೊರಳು ತಡಕಿ, ಹುರಿ ಬಿಗಿದು, ಗಂಟೆ ಕಟ್ಟಿದ. "ಮುಂದ ಹೋಗೂ ಕುರಿಗೆ ಗಂಟಿ ಬೇಕು. ಇದು ನಿಂತ್ರ, ನೀ ನಿದ್ದಿ ಹೊಡದಿ ಅಂತ ತಿಳೀತೈತಿ."

ಹೊತ್ತು ಮುಳುಗುವಾಗ ಸದಾಶಿವನಗರದ ಓಣಿಯೊಳಗೆ ಅವರು ಬಂದರು. ಮುಂದೆ ಟಿಣ್ ಟಿಣ್ ಅನ್ನುತ್ತ ಬೀರೇಶ, ಹಿಂದೆ ಹೆಗಲು ಹಿಡಿದ ಭರಮಣ್ಣ. ಓಣಿಯ ಬಾಯಲ್ಲಿ ಮಗ "ಯಪ್ಪಾ, ಈಗರೆ ಬಿಚ್ಚು" ಅಂದರೆ, "ಮತ್ತ ಯಾರದೋ ಹೆಗಲ ಹಿಡಿಲೇನು?" ಅಂದಿದ್ದ.

ಗೇಟಿನಲ್ಲಿ ಗುರುಪುತ್ರಪ್ಪನವರು, ಚಂದ್ರವ್ವ, ಪೂನಮ ಕಾಯುತ್ತಿದ್ದರು.

"ಅಕ್ಕವ್ವ ಎಲ್ಲಿ?" ಅಂದರು ಮಾಸ್ತರರು, ಗಂಟೆಯ ಮೇಲಿನ ಕಣ್ಣು ತೆಗೆಯದೆ.

"ಬರಲಿಲ್ರಿ ಸರ. ಅಪ್ಪನ ತಲಿಗೆ ಏನೂ ಆಗಿಲ್ಲ, ಕಣ್ಣಿಗೆ ಪೊರಿ ಬಂದೈತಿ, ನಾಳೆ ಡಾಕ್ಟರ ಕಡೆ ಒಯ್ಯಬೇಕು. ನಾನs ಬಸ್ಸಿನಾಗ ನಂದಗಡಕ್ಕ ಹೋದೆ. ಆಮ್ಯಾಲೆ ಯಾರೋ ಅಜ್ಜಗ ಯಪ್ಪಾ ಅಂದೆ. ಅವರು ಕೈ ಹಿಡದು ಅಕ್ಕವ್ವನ ಮನಿಗೆ ಬಿಟ್ರು. ಆಕಿ ನಿನ್ನ ಹೆಸರ ನೆನಪೈತೇನು ಅಂತ ಕೇಳಿದ್ಲು."

ಬಿಡಿಸಿ ಹೇಳಿದಷ್ಟೂ ಕೆಟ್ಟಿತು. ಚಂದ್ರವ್ವ ಸೆರಗು ಬಾಯಿಗೆ ಹಚ್ಚಿದಳು. "ಇಷ್ಟ ವಯಸ್ಸಿನಾಗ, ಪಾಪ." ಪೂನಮ ಮುಂದೆ ಬಂದು ಮಾವನ ಕೈ ಹಿಡಿದಳು, ಗಂಡನ ಕಿವಿಯ ಹುಲ್ಲು ತೆಗೆದಳು.

ಅತ್ತ ಭರಮಣ್ಣ ಕಿವಿ ಕೊಟ್ಟು ಎಣಿಸುತ್ತಿದ್ದ. "ಹೋತ ಐತಿ, ಕುಂಟಿ ಐತಿ, ನನ್ನ ಸೊಸಿ ಐತಿ, ಗಂಟಿದೂ ಬಂತು. ಎಲ್ಲಾ ಬರಾಬರಿ. ರೊಟ್ಟಿ ಹಾಕವಾ."

ಗುರುಪುತ್ರಪ್ಪನವರಿಗೆ ಈ ಸಲ ಸಿಟ್ಟು ಬರಲಿಲ್ಲ. ಕಿಸೆಯಿಂದ ಅದೇ ಪೇಪರಿನ ತುಂಡು ಹೊರಬಂತು, ಕೆಂಪು ಪೆನ್ನೂ ಬಂತು. ಬೀರೇಶನನ್ನು ನೋಡುತ್ತ, ಪೇಪರು ನೋಡುತ್ತ ಕೊನೆಯತನಕ ಟಿಕ್ ಹಾಕಿ ಗೆರೆ ಎಳೆದರು. ಆಮೇಲೆ ಭರಮಣ್ಣನ ಹತ್ತಿರ ಸರಿದು ದನಿ ಇಳಿಸಿದರು.

"ಭರಮಣ್ಣಾರ, ಹತ್ತಕ್ಕ ಒಂಬತ್ತು. ಅಂಜಬ್ಯಾಡ್ರಿ. ಖಾನಾಪುರದಾಗ ಅಕ್ಕವ್ವ ಅಂತ ಒಬ್ಬಾಕಿ ಅದಾಳ. ಕಣ್ಣಿನ ಡಾಕ್ಟರ ಆಮ್ಯಾಲೆ. ನಾಳೆ ಮುಂಜಾನೆ ಮೊದಲ ಇವನ್ನ ಅಲ್ಲಿಗೆ ಕರಕೊಂಡ ಹೋಗ್ರಿ."

ಬೀರೇಶ ಬೇಡ, ಬೇಡ ಅಂತ ಜೋರಾಗಿ ತಲೆ ಅಲ್ಲಾಡಿಸಿದ. ಗಂಟೆಯ ಸದ್ದಿಗೆ ಓಣಿಯ ಉಳಿದ ಮನೆಗಳವರೂ ಹೊರಗೆ ಬಂದರು.